ಒಕ್ಕಪೊದ್ದು ಹಿಡಿದ ರೋಜಾ ಗಿಡ

ನನ್ನ ಅತ್ತೆ ಸುಳ್ಳು ಹೇಳುತ್ತಿರಲಿಲ್ಲ. ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ, ಅವರೊಂದಿಗೆ ಒಂದೇ ಮನೆಯಲ್ಲಿ ಬಾಳಿದವಳ ದೂರು ಇದು. ಊಟದ ಹೊತ್ತಿಗೆ ಬಂದ ನೆಂಟರು ಉಪಚಾರಕ್ಕೆಂದು "ನಮ್ಮದು ಊಟ ಆಯ್ತು" ಅಂದರೆ ಅತ್ತೆ, "ಒಳ್ಳೇದಾಯ್ತು, ಹುಳಿ ಸಾಲ್ತಿರಲಿಲ್ಲ" ಅನ್ನುವರು. ಪಕ್ಕದ ಮನೆಯ ಹುಡುಗಿಯನ್ನು ನೋಡಲು ಮಾಲೂರಿನ ಕಡೆಯಿಂದ ಗಂಡಿನವರು ಬಂದಿದ್ದರು. ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ಕೇಳಿದರು. ಹುಡುಗಿಯ ತಾಯಿ ಬಾಯಿ ತೆರೆಯುವ ಮೊದಲೇ ಅತ್ತೆ, "ದಿನಾ ಹಾಡ್ತಾಳೆ, ನಾವು ಕಿಟಕಿ ಹಾಕ್ಕೋತೀವಿ" ಅಂದುಬಿಟ್ಟರು. ಆ ಸಂಬಂಧ ಅಲ್ಲಿಗೇ ಮುರಿಯಿತು. ಅಲ್ಲಿಂದ ಮುಂದೆ ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವಿದ್ದರೂ ಅತ್ತೆಗೆ ಮುಂಚಿತವಾಗಿ ಹೇಳಿಕಳಿಸುವರು. ಆವತ್ತು ದಯವಿಟ್ಟು ಮನೆಯಲ್ಲೇ ಇರಿ ಎಂದು.

ಇಂಥವರ ಮನೆಗೆ ನಾನು ಹದಿನಾರನೆಯ ವಯಸ್ಸಿನಲ್ಲಿ ಸೊಸೆಯಾಗಿ ಬಂದೆ. ಜೊತೆಗೆ ಬಂದದ್ದು ಒಂದು ಟ್ರಂಕು, ಒಂದು ಹಿತ್ತಾಳೆಯ ಕೊಡ, ಮತ್ತು ಬಾಯಿ ಒಡೆದ ಮಡಕೆಯಲ್ಲಿ ಒಂದು ರೋಜಾ ಗಿಡ.

ನನ್ನ ತವರು ಗೌನಿಪಲ್ಲಿಯ ಹತ್ತಿರ, ಮಾವಿನ ತೋಪುಗಳ ನಡುವೆ. ಆ ಕಡೆ ಎಲ್ಲರ ಮನೆಯಲ್ಲೂ ಮಾವು ಇತ್ತು, ಈ ರೋಜಾ ಮಾತ್ರ ನಮ್ಮ ಹಿತ್ತಿಲಲ್ಲಿ ಒಂದೇ. ಅದಕ್ಕೆ ಗಿಡ್ಡಿ ರೋಜಾ ಅನ್ನುತ್ತಿದ್ದೆವು. ಮೊಣಕಾಲಿಗಿಂತ ಎತ್ತರ ಬೆಳೆಯುತ್ತಿರಲಿಲ್ಲ. ಬೇರೆ ರೋಜಾಗಳು ಹೋಗುವವರ ಸೆರಗು ಹಿಡಿದು ಎಳೆದರೆ ಇದು ಕುಕ್ಕರುಗಾಲಿನಲ್ಲಿ ಕೂತ ಅಜ್ಜಿಯ ಹಾಗೆ ತನ್ನ ಪಾಡಿಗೆ ತಾನು ಗುಂಡಗೆ ಇರುತ್ತಿತ್ತು. ಹೂವು ಅಡಿಕೆಯಷ್ಟು ಗಾತ್ರ, ಒಳಗೆ ಎಣಿಸಲಾಗದಷ್ಟು ಎಸಳು. ಒಂದು ಹೂವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರೆ ಸೀರೆ ಒಗೆದ ಮೇಲೂ ಪರಿಮಳ ಉಳಿದಿರುತ್ತಿತ್ತು. ನಮ್ಮ ಮುತ್ತಜ್ಜಿ ಯಾವನೋ ನವಾಬನ ತೋಟದಿಂದ ಅದನ್ನು ಕದ್ದು ತಂದಳೆಂದು ಅಮ್ಮ ಹೇಳುವಳು. ನವಾಬ ಉಡುಗೊರೆ ಕೊಟ್ಟ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಕದ್ದದ್ದು ಎಂದ ಮೇಲೆ ನಿಜವೇ ಇರಬೇಕು.

ಅದರ ಕಡ್ಡಿ ಹತ್ತು ನೆಟ್ಟರೆ ಒಂಬತ್ತು ಒಣಗುವುವು. ಹಾಗೆ ಉಳಿದ ಒಂದನ್ನು ಅಮ್ಮ ನನ್ನ ಕೈಗೆ ಕೊಟ್ಟು, "ಇದು ಚೆನ್ನಾಗಿದ್ರೆ ನೀನೂ ಚೆನ್ನಾಗಿದೀಯ ಅಂತ ತಿಳ್ಕೊತೀನಿ ಕಣೇ" ಅಂದಳು. ತಾಯಂದಿರು ಇಂಥ ಮಾತನ್ನು ಯೋಚಿಸದೆ ಆಡಿಬಿಡುತ್ತಾರೆ, ಮಕ್ಕಳು ಅದನ್ನು ಹೊತ್ತುಕೊಂಡು ಓಡಾಡಬೇಕು.

ಮುಳಬಾಗಿಲಿನ ಮನೆಯ ಹಿತ್ತಿಲಲ್ಲಿ ಒಂದು ಬಾವಿ, ಬಾವಿಯ ಪಕ್ಕ ಬಚ್ಚಲುಮನೆ. ಬಚ್ಚಲಿನ ನೀರು ಹರಿದು ಬರುವ ಕಡೆ ನಾನು ಗಿಡ ಊರಿದೆ. ನೀರಿಗೆ ಕೊರತೆಯಾಗದಿರಲಿ ಎಂಬ ಜಾಣತನ. ಗಿಡ ಎಲೆಯನ್ನೇನೋ ಬಿಟ್ಟಿತು, ಆದರೆ ಮೊಗ್ಗು ಎಂಬುದರ ಸುಳಿವೇ ಇಲ್ಲ. ಒಂದು ವರ್ಷವಾಯಿತು, ಎರಡು ವರ್ಷವಾಯಿತು. ಈ ಮಣ್ಣೇ ಸರಿಯಿಲ್ಲ ಎಂದು ನಾನು ಒಮ್ಮೆ ಗೊಣಗಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ, "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ" ಅಂದರು. ಅವರಿಗೆ ಹೂವಿನ ಗಿಡದ ಮೇಲೆ ಮೊದಲೇ ಅಷ್ಟಕ್ಕಷ್ಟೆ. ಆ ಜಾಗದಲ್ಲಿ ಒಂದು ನುಗ್ಗೆ ಹಾಕಿದ್ದರೆ ಇಷ್ಟು ಹೊತ್ತಿಗೆ ಎಷ್ಟು ಹುಳಿಗೆ ಆಗುತ್ತಿತ್ತು ಎಂದು ತಿಂಗಳಿಗೊಮ್ಮೆ ನೆನಪಿಸುವರು.

ಈಗ ನನ್ನ ಸುಳ್ಳಿನ ವಿಷಯಕ್ಕೆ ಬರುತ್ತೇನೆ. ಅಮ್ಮನಿಗೆ ನಾನು ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದೆ. ಕಾರ್ಡೆಂದರೆ ಬೀದಿಯ ಬಾಗಿಲು ತೆರೆದಿಟ್ಟ ಹಾಗೆ. ಟಪಾಲಿನವನು ಓದುತ್ತಾನೆ, ಅಲ್ಲಿ ಊರಿನಲ್ಲಿ ಓದಲು ಬರುವವರೆಲ್ಲ ಓದುತ್ತಾರೆ. ಅತ್ತೆ ದಿನಕ್ಕೆ ಮೂರು ಸಲ ಏನಾದರೂ ಅಂದು ಚುಚ್ಚುತ್ತಾರೆ, ಗಂಡ ತಾಲ್ಲೂಕು ಕಚೇರಿಯಿಂದ ಬಂದವರು ಮಾತೇ ಆಡುವುದಿಲ್ಲ, ಇವನ್ನೆಲ್ಲ ಅದರಲ್ಲಿ ಬರೆಯುವ ಹಾಗಿರಲಿಲ್ಲ. ಎಲ್ಲರೂ ನನ್ನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾರೆ ಎಂದು ಬರೆಯಲು ಕೈ ಬರಲಿಲ್ಲ. ಆದ್ದರಿಂದ ಗಿಡದ ಬಗ್ಗೆ ಬರೆದೆ. "ಗಿಡ್ಡಿ ಚೆನ್ನಾಗಿದ್ದಾಳೆ. ನಾಲ್ಕು ಹೂ ಬಿಟ್ಟಿದ್ದಾಳೆ." ಮುಂದಿನ ಕಾರ್ಡಿನಲ್ಲಿ ಹತ್ತು. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ, ನನ್ನದು ಓಡುತ್ತಿತ್ತು. ಎರಡನೆಯ ವರ್ಷದ ಹೊತ್ತಿಗೆ ಬುಟ್ಟಿಗಟ್ಟಲೆ ಬಿಡುತ್ತಿದೆ, ಬೀದಿಯವರಿಗೆ ಹಂಚುತ್ತಿದ್ದೇವೆ ಎಂದು ಬರೆದುಬಿಟ್ಟಿದ್ದೆ.

ಎರಡನೆಯ ಮಹಾಯುದ್ಧ ಶುರುವಾದ ವರ್ಷ, ದಸರಾಕ್ಕೆ ಮುಂಚೆ, ಅಮ್ಮನ ಕಾರ್ಡು ಬಂತು. ನಮ್ಮ ಯಜಮಾನರು ಅದನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದರು. ಮನೆಗೆ ಬಂದ ಕಾಗದವನ್ನು ಕಚೇರಿಯ ಅರ್ಜಿಯ ಹಾಗೆ ಓದುವುದು ಅವರ ಅಭ್ಯಾಸ. "ಇಲ್ಲಿನ ಗಿಡ್ಡಿ ರೋಜಾ ಗೆದ್ದಲು ಹಿಡಿದು ಸತ್ತುಹೋಯಿತು. ನನ್ನ ಕೈಕಾಲೇ ಆಡಲಿಲ್ಲ. ಆದರೆ ನಿನ್ನ ಗಿಡ ಬುಟ್ಟಿಗಟ್ಟಲೆ ಹೂ ಬಿಡುತ್ತಿದೆಯಲ್ಲ, ಅದೇ ಧೈರ್ಯ. ಸಂಕ್ರಾಂತಿಗೆ ಬಂದು ಕಣ್ತುಂಬ ನೋಡಿ, ಒಂದು ಸಸಿ ತೆಗೆದುಕೊಂಡು ಹೋಗುತ್ತೇನೆ." ಓದಿ ಮುಗಿಸಿ ಅವರು ನನ್ನನ್ನು ನೋಡಿದರು, ಕಿಟಕಿಯಿಂದ ಗಿಡವನ್ನು ನೋಡಿದರು, ಕಾರ್ಡನ್ನು ಮತ್ತೊಮ್ಮೆ ನೋಡಿದರು. ಅತ್ತೆ "ಹೂಂ. ಬೀಗಿತ್ತಿ ಬರ್ಲಿ" ಅಂದು ಒಳಗೆ ಹೋದರು.

ಆ "ಬರ್ಲಿ" ಕೇಳಿ ನಾನು ಹೆದರಿದೆ. ಹೂವಿಲ್ಲದ ಗಿಡ ನೋಡಿದರೆ ಅಮ್ಮ ಒಂದೇ ಮಾತು ತಿಳಿದುಕೊಳ್ಳುತ್ತಾಳೆ, ಮಗಳು ಎರಡು ವರ್ಷದಿಂದ ಸುಖವಾಗಿಲ್ಲ ಎಂದು. ತಿಳಿದು ಮನೆಗೆ ಹೋಗಿ ಅಳುತ್ತಾಳೆ. ನಾನು ಏನಾದರೂ ಹೇಳಿ ತಪ್ಪಿಸಿಕೊಂಡರೂ ಅತ್ತೆಯ ಬಾಯಿ ಯಾರು ಹಿಡಿಯುವುದು? ಉಳಿದ ದಾರಿ ಒಂದೇ, ಸಂಕ್ರಾಂತಿಯ ಒಳಗೆ ಗಿಡ ಹೂ ಬಿಡಬೇಕು.

ಯಜಮಾನರು ಮಾತಾಡದಿದ್ದರೂ ಕೆಲಸಕ್ಕೆ ಬರುವವರು. ಒಂದು ಮಧ್ಯಾಹ್ನ ಶ್ರೀನಿವಾಸಪುರದ ಕಡೆಯ ಒಬ್ಬ ಸಾಬರನ್ನು ಕರೆತಂದರು. ಮಾವಿಗೆ ಕಸಿ ಕಟ್ಟುವುದರಲ್ಲಿ ಅವರದು ಎತ್ತಿದ ಕೈ, ಒಣಕಟ್ಟಿಗೆಗೂ ಚಿಗುರು ಬರಿಸುತ್ತಾರೆ ಎಂದು ಹೆಸರು. ಬಿಳಿ ಗಡ್ಡ, ಹೆಗಲ ಮೇಲೆ ಟವಲು. ಅವರನ್ನು ಹಿತ್ತಿಲಿಗೆ ಬಿಟ್ಟು ಯಜಮಾನರು ಕಚೇರಿಗೆ ಹೋದರು. ಸಾಬರು ಗಿಡದ ಮುಂದೆ ಕೂತು ಎಲೆ ಮಗುಚಿ ನೋಡಿದರು, ಮಣ್ಣು ಕೆದಕಿ ಮೂಸಿದರು. ಮುಖ ಸೋತಿತ್ತು. ಅತ್ತೆ ಅಡುಗೆಮನೆಯ ಬಾಗಿಲ ಮರೆಯಿಂದಲೇ ಕೇಳಿದರು.

"ನೀರು ಕೊಡೋದಾ, ಸಾಬ್ರೇ?"

ಅತ್ತೆ ಕೇಳಿದ್ದು ಗಿಡಕ್ಕೆ. ಸಾಬರು ತಿಳಿದದ್ದು ತಮಗೆ.

"ನಕ್ಕೋ ಅಮ್ಮಾ. ರೋಜಾ. ಹಗಲೊತ್ತು ಒಂದು ತೊಟ್ಟೂ ಬ್ಯಾಡ."

"ಮತ್ತೆ ಯಾವಾಗ?"

"ಹೊತ್ತು ಮುಳುಗಿದ್ ಮೇಲೆ. ಇಲ್ಲಾಂದ್ರೆ ಬೆಳಗಿನ ಜಾವ, ಕೋಳಿ ಕೂಗೋಕೆ ಮುಂಚೆ."

"ಎಷ್ಟು ದಿವಸ ಹೀಗೆ?"

"ಒಂದು ತಿಂಗ್ಳು ಅಮ್ಮಾ, ಚಾಂದ್ ಕಾಣೋ ಗಂಟ."

"ಈ ಬಿಸಿಲಿಗೆ ಬಾಡಿ ಹೋಗಲ್ವೇ?"

"ಮೂರು ನಾಲ್ಕು ದಿನ ಬಾಡುತ್ತೆ. ಆಮೇಲೆ ಅಭ್ಯಾಸ ಆಗೋಗುತ್ತೆ. ಒಳಗಿನ ಕೊಳೆ ಎಲ್ಲ ಹೋಗಿ ಮೈ ಹಗುರ ಆಗುತ್ತೆ." ಸಾಬರು ನಿಟ್ಟುಸಿರು ಬಿಟ್ಟರು. "ನೀರಾದ್ರೂ ಬಿಡಬೌದು ಅಮ್ಮಾ, ಈ ಹೊಗೆ ಇದೆ ನೋಡಿ, ಅದೇ ಕಷ್ಟ. ಅದೂ ಕೂಡ್ದು."

ಅವರು ಹೇಳಿದ್ದು ಬೀಡಿಯ ಹೊಗೆ. ಅತ್ತೆ ನೋಡಿದ್ದು ಬಚ್ಚಲ ಒಲೆಯ ಹೊಗೆ.

"ಹಬ್ಬ ಮುಗಿಸ್ಕೊಂಡು ಬಂದು ಸವರ್ತೀನಿ" ಎಂದು ಸಾಬರು ಎದ್ದು ತಮ್ಮೂರಿಗೆ ಹೋದರು.

ಈಗ ನೀವು ನಗುತ್ತಿದ್ದೀರಿ. ನಮಗೆ ಹೇಗೆ ಗೊತ್ತಾಗಬೇಕು? ನಮ್ಮ ಕಡೆ ಯಾರ ಉಪವಾಸವಾದರೂ ತೆಲುಗಿನ ಒಂದೇ ಹೆಸರು, ಒಕ್ಕಪೊದ್ದು. ಏಕಾದಶಿಗೂ ಒಕ್ಕಪೊದ್ದು, ಶನಿವಾರಕ್ಕೂ ಒಕ್ಕಪೊದ್ದು, ರಂಜಾನಿಗೂ "ಸಾಬರ ಒಕ್ಕಪೊದ್ದು". ರೋಜಾ ಅಂದರೆ ನಮಗೆ ಹೂವು. ಅದು ಅವರ ಮಾತಿನಲ್ಲಿ ಉಪವಾಸವೆಂದು ನಮಗೆ ಯಾರೂ ಹೇಳಿರಲಿಲ್ಲ. ನಾನೂ ಅಲ್ಲೇ ನಿಂತಿದ್ದೆ, ನನಗೂ ಅದು ಗಿಡದ ಪಥ್ಯವೆಂದೇ ಅನ್ನಿಸಿತು.

ಅತ್ತೆಗೆ ಹೂವಿನ ಮೇಲೆ ಪ್ರೀತಿ ಇರಲಿಲ್ಲ, ವ್ರತದ ಮೇಲೆ ಪ್ರಾಣವೇ ಇತ್ತು. ಇಷ್ಟು ದಿನ "ನಿನ್ನ ಗಿಡ" ಆಗಿದ್ದದ್ದು ಆವತ್ತಿನಿಂದ "ಪಾಪ, ಅದು" ಆಯಿತು. ತಿಂಗಳು ಪೂರ್ತಿ ಹಗಲು ನೀರು ಮುಟ್ಟದ ಗಿಡ! "ನಾವು ಹದಿನೈದು ದಿನಕ್ಕೊಂದ್ ಏಕಾದಶಿ ಮಾಡಿ ಒದ್ದಾಡ್ತೀವಿ" ಎಂದು ಅದನ್ನು ನೋಡಿ ಅತ್ತೆ ಕೆನ್ನೆ ಬಡಿದುಕೊಂಡರು. ಅದರ ವ್ರತ ಕೆಡದ ಹಾಗೆ ನೋಡಿಕೊಳ್ಳುವ ಭಾರ ತಮ್ಮದೇ ಎಂದು ತೀರ್ಮಾನಿಸಿದರು.

ಮೊದಲ ತೊಂದರೆ ಬಚ್ಚಲಿನದು. ಹಗಲು ಯಾರು ಸ್ನಾನ ಮಾಡಿದರೂ ನೀರು ನೇರ ಗಿಡದ ಬುಡಕ್ಕೆ, ಹೊಗೆ ನೇರ ಅದರ ಮುಖಕ್ಕೆ. ಆದ್ದರಿಂದ ಮನೆಮಂದಿಯೆಲ್ಲ ಕೋಳಿ ಕೂಗುವ ಮುಂಚೆ ಸ್ನಾನ ಮುಗಿಸಬೇಕೆಂದು ಅಪ್ಪಣೆಯಾಯಿತು. ಆ ಚಳಿಗೆ ಎಲ್ಲರದೂ ಎರಡೇ ಚೊಂಬಿನ ಸ್ನಾನ, ಆ ನೀರು ಗಿಡದವರೆಗೆ ಹರಿಯುತ್ತಲೇ ಇರಲಿಲ್ಲ. ಆ ತಿಂಗಳು ಬೆಳಗಿನ ಜಾವಕ್ಕೆ ಒಬ್ಬ ಫಕೀರ ದಫ್ ಬಡಿಯುತ್ತ ಸಾಬರ ಬೀದಿಯಲ್ಲಿ ಜನರನ್ನು ಎಬ್ಬಿಸಿಕೊಂಡು ಹೋಗುತ್ತಿದ್ದ. ಅತ್ತೆಗೆ ಬಹಳ ಅನುಕೂಲವಾಯಿತು. ಅವನ ಸದ್ದು ಕೇಳಿದ ಕೂಡಲೆ ಎದ್ದು ಹಂಡೆಗೆ ಬೆಂಕಿ ಹಾಕುವರು. ಅವನು ಯಾಕೆ ಎಬ್ಬಿಸುತ್ತಾನೆ ಎಂಬುದು ಗೊತ್ತಿತ್ತು, ನಾವು ಯಾಕೆ ಏಳುತ್ತೇವೆ ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮನೆಯಲ್ಲಿ ಒಬ್ಬರಿಗೂ ಬರಲಿಲ್ಲ.

"ಅಮ್ಮಾ, ಬಚ್ಚಲ ಮೋರಿ ಆ ಕಡೆ ತಿರುಗಿಸಿದ್ರೆ ಆಗಲ್ವಾ?" ಎಂದು ಯಜಮಾನರು ನಾಲ್ಕನೆಯ ದಿನ ಕೇಳಿದರು. ಚಳಿಗೆ ಅವರ ಹಲ್ಲು ಕಟಕಟ ಅನ್ನುತ್ತಿತ್ತು.

"ಒಬ್ರು ಉಪವಾಸ ಇರುವಾಗ ಅವರ ಎದುರಿಗೇ ನೀರು ಸುರಿಯೋದು ಯಾವ ನ್ಯಾಯವೋ?"

"ಗಿಡದ ನಿದ್ದೆ ಕೆಡಲ್ಲ, ನನ್ನ ನಿದ್ದೆ ಕೆಡ್ತಿದೆಯಲ್ಲಮ್ಮಾ!"

ಮದುವೆಯಾದ ಮೇಲೆ ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ಕಚೇರಿಯಲ್ಲಿ ಅವರು ಕಡತದ ಮೇಲೆ ತೂಕಡಿಸುವುದನ್ನು ಕಂಡು ಅಮಲ್ದಾರರು, ಮನೆಯಲ್ಲಿ ಕೂಸು ಹುಟ್ಟಿದೆಯೇ ಎಂದು ಕೇಳಿದರಂತೆ. ಇವರು "ಇಲ್ಲ ಸಾರ್, ರೋಜಾ" ಅಂದರಂತೆ. ಅಮಲ್ದಾರರು ಹಿಂದೂಪುರದ ಕಡೆಯಲ್ಲಿ ಇದ್ದು ಬಂದವರು, ಉರ್ದು ಬಲ್ಲವರು. ತಮ್ಮ ಗುಮಾಸ್ತ ಯಾವಾಗ ಮತ ಬದಲಾಯಿಸಿದ ಎಂದು ಒಂದು ವಾರ ಚಿಂತೆ ಮಾಡಿದರೆಂದು ಆಮೇಲೆ ತಿಳಿಯಿತು.

ಗಿಡ ಸಾಬರು ಹೇಳಿದ ಹಾಗೇ ಮೂರು ನಾಲ್ಕು ದಿನಕ್ಕೆ ಬಾಡಿತು. ಐದನೆಯ ದಿನ ಕೆಳಗಿನ ಎಲೆ ಹಳದಿಯಾಯಿತು. ಅಭ್ಯಾಸವಾಗುತ್ತದೆ ಎಂದು ನಾನು ಕಾದೆ. ಹತ್ತನೆಯ ದಿನಕ್ಕೆ ಎಲೆಯೆಲ್ಲ ಉದುರಲು ಶುರುವಾಯಿತು. ನನಗೆ ಅಳು ಬಂತು. ಸಂಜೆ ಕೊಡುವ ಒಂದು ಚೊಂಬು ನೀರನ್ನು ಎರಡು ಮಾಡೋಣ ಎಂದೆ. ಅತ್ತೆ, "ಒಳಗಿನ ಕೊಳೆ ಹೋಗ್ತಿದೆ, ಸುಮ್ನಿರು" ಅಂದರು. ಮಧ್ಯಾಹ್ನ ಯಾರೂ ಇಲ್ಲದಾಗ ಕದ್ದು ಒಂದು ಲೋಟ ಹಾಕಲು ಹೋದೆ. ಬಾವಿಯ ಕಟ್ಟೆಯ ಹಿಂದಿನಿಂದ "ಏಯ್!" ಎಂದು ಕೂಗು ಬಂತು. ಅತ್ತೆ ಅಲ್ಲಿ ಬಿಸಿಲಿನಲ್ಲಿ ಕಾವಲು ಕೂತಿದ್ದರು. ಆವತ್ತು ಏಕಾದಶಿ, ಅವರದೂ ನಿರ್ಜಲ. ಜೊತೆಗಿರಲೆಂದು ಗಿಡದ ಹತ್ತಿರ ಬಂದು ಕೂತಿದ್ದರಂತೆ.

ಆಮೇಲೆ ಸ್ವಾತಿ ಮಳೆ ಬಂತು. ಮಧ್ಯಾಹ್ನ ಮೂರು ಗಂಟೆಯಿರಬಹುದು, ಮೋಡ ಕವಿದು ಧೋ ಎಂದು ಸುರಿಯತೊಡಗಿತು. ಮಳೆಗೆ ಅಪ್ಪಣೆ ಮಾಡುವವರು ಯಾರು? ಅತ್ತೆ ಮಾಡಿದರು. ಯಜಮಾನರ ಕಚೇರಿಯ ಕೊಡೆ ಹಿಡಿದು ಹಿತ್ತಿಲಿಗೆ ಓಡಿದರು. ಕೊಡೆ ಹಿಡಿದದ್ದು ತಮ್ಮ ತಲೆಗಲ್ಲ, ಗಿಡಕ್ಕೆ. ನಾನು ಗೋಣಿಚೀಲ ತಂದು ಬುಡದ ಸುತ್ತ ಒಡ್ಡು ಕಟ್ಟಿದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ನೋಡಿ, "ಏನ್ ಅಕ್ಕಯ್ಯಾ ಇದು?" ಅಂದಳು. ಅತ್ತೆ ಮುಖದ ನೀರು ಒರೆಸಿಕೊಂಡು, "ರೋಜಾ ಒಕ್ಕಪೊದ್ದು ಹಿಡಿದಿದೆ ಕಣೇ, ಕೆಡಬಾರ್ದು" ಅಂದರು. ಪಕ್ಕದ ಮನೆಯಾಕೆ ಸ್ವಲ್ಪ ಯೋಚಿಸಿ, ಇದನ್ನು ಮಲ್ಲಿಗೆಗೂ ಹಿಡಿಸಬಹುದೇ ಎಂದು ಕೇಳಿದಳು.

ಮೋಡದಲ್ಲಿ ಸೂರ್ಯ ಮುಳುಗುವುದು ಕಾಣುವುದು ಹೇಗೆ? ಎರಡೂವರೆ ಗಂಟೆ ಅತ್ತೆ ನಿಂತೇ ಇದ್ದರು. ಕೊನೆಗೆ ಮಸೀದಿಯ ಕಡೆಯಿಂದ ಸಂಜೆಯ ಬಾಂಗು ಕೇಳಿಸಿತು. "ಹಾಂ, ಹೊತ್ತು ಮುಳುಗ್ತು" ಎಂದು ಕೊಡೆ ಮಡಚಿ, ಗಿಡವನ್ನು ಮಳೆಗೆ ಒಪ್ಪಿಸಿ, ತೊಟ್ಟಿಕ್ಕುವ ಸೀರೆಯಲ್ಲಿ ಒಳಗೆ ಬಂದರು. ಬಾಂಗಿನಿಂದ ಹೊತ್ತು ತಿಳಿದುಕೊಂಡವರಿಗೆ ಆಗಲೂ ಏನೂ ಹೊಳೆಯಲಿಲ್ಲ.

ದೀಪಾವಳಿ ಕಳೆಯಿತು. ಅಮಾವಾಸ್ಯೆಯಾದ ಮೇಲೆ ಅತ್ತೆ ಸಂಜೆ ಹಿತ್ತಿಲಲ್ಲಿ ನಿಂತು ಪಡುವಣಕ್ಕೆ ನೋಡುತ್ತಿದ್ದವರು, ಬಿದಿಗೆಯ ಚಂದ್ರ ಗೀರಿನಷ್ಟು ಕಂಡ ಕೂಡಲೆ, "ಮುಗೀತು ಕಣೇ!" ಎಂದು ಕೂಗಿದರು. ಗಿಡಕ್ಕೆ ಪಾರಣೆ ಮಾಡಿಸಿದರು. ಒಂದು ಎಳನೀರು ಒಡೆದು ಬುಡಕ್ಕೆ ಹಾಕಿದರು. ಆ ಹೊತ್ತಿಗೆ ಗಿಡದಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಮುಳ್ಳಿನ ಕಡ್ಡಿಗಳು ನೆಟ್ಟಗೆ ನಿಂತಿದ್ದವು, ಪೊರಕೆಯನ್ನು ತಲೆಕೆಳಗೆ ನೆಟ್ಟ ಹಾಗೆ.

ಹಬ್ಬದ ಮಾರನೆಯ ದಿನ ಸಾಬರು ಹೊಸ ಬಟ್ಟೆ ಹಾಕಿಕೊಂಡು, ಅತ್ತರು ಹಚ್ಚಿಕೊಂಡು ಬಂದರು. ತಾವು ಬೇಯಿಸಿದ್ದನ್ನು ನಾವು ತಿನ್ನುವುದಿಲ್ಲವೆಂದು ಹಸಿ ಶ್ಯಾವಿಗೆ, ಸಕ್ಕರೆ, ದ್ರಾಕ್ಷಿ ಕಟ್ಟಿಕೊಂಡು ತಂದಿದ್ದರು. ಹಿತ್ತಿಲಿಗೆ ಬಂದು ಗಿಡ ನೋಡಿದವರೇ ನಿಂತಲ್ಲೇ ನಿಂತರು.

"ಯಾ ಅಲ್ಲಾ! ಇದಕ್ಕೇನು ಮಾಡಿದ್ರಿ ಅಮ್ಮಾ?"

"ನೀವು ಹೇಳಿದ ಹಾಗೇ," ಎಂದು ಅತ್ತೆ ಬಾಗಿಲ ಮರೆಯಿಂದ ಹೆ‌ಮ್ಮೆಯಿಂದ ಹೇಳಿದರು. "ರೋಜಾಕ್ಕೆ ಹಗಲೊತ್ತು ಒಂದು ತೊಟ್ಟು ನೀರು ತೋರಿಸಿಲ್ಲ. ಮಳೆ ಬಂದ್ರೆ ಕೊಡೆ ಹಿಡಿದಿದೀನಿ. ಹೊಗೆ ಸೋಕಿಸಿಲ್ಲ. ಚಂದ್ರನ್ನ ನೋಡೇ ಬಿಡಿಸಿದ್ದು."

ಸಾಬರು ಗಿಡವನ್ನು ನೋಡಿದರು, ಬಾಗಿಲನ್ನು ನೋಡಿದರು. ಟವಲು ತೆಗೆದು ಬಾಯಿಗೆ ಒತ್ತಿಕೊಂಡರು. ಹೆಗಲು ಅಲುಗುತ್ತಿತ್ತು. ದುಃಖವೋ ಏನೋ ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಒರೆಸಿಕೊಂಡು ಮೆಲ್ಲಗೆ ಹೇಳಿದರು.

"ಅಮ್ಮಾ, ರೋಜಾ ಇದ್ದಿದ್ದು ನಾನು. ಗಿಡ ಅಲ್ಲ. ನಿಮ್ಮ ಮಾತಲ್ಲಿ ಒಕ್ಕಪೊದ್ದು ಅಂತೀರಲ್ಲ, ಅದೇ."

ಬಾಗಿಲು ಇನ್ನಷ್ಟು ಮುಚ್ಚಿಕೊಂಡಿತು. ಆಮೇಲೆ ಅತ್ತೆಯ ದನಿ ಬಂತು. "ಹಾಗಾದ್ರೆ ಹೊಗೆ?"

"ಬೀಡಿ, ಅಮ್ಮಾ."

ನನಗೆ ನಗು ಬರಲಿಲ್ಲ. ಎರಡು ವರ್ಷ ಎಲೆಯನ್ನಾದರೂ ಇಟ್ಟುಕೊಂಡಿದ್ದ ಗಿಡವನ್ನು ನಾವೇ ಒಂದು ತಿಂಗಳಲ್ಲಿ ಕೊಂದೆವಲ್ಲ ಎಂದು ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಸಾಬರು ಒಂದು ಕಡ್ಡಿಯನ್ನು ಉಗುರಿನಿಂದ ಗೀರಿದರು. ಒಳಗೆ ಹಸಿರಿತ್ತು. "ಸತ್ತಿಲ್ಲ ಮಗಳೇ, ಅಳಬ್ಯಾಡ. ಬಚ್ಚಲ ನೀರಲ್ಲಿ ಮುಳುಗಿ ಕೂತಿತ್ತು ಇದು. ಬುಡ ಒಣಗಿಸಿ ಅಂತ ನಾನೇ ಹೇಳಬೇಕು ಅಂತಿದ್ದೆ. ಹೊಟ್ಟೆ ಹಸಿದಿತ್ತು, ತಲೆ ಓಡ್ಲಿಲ್ಲ, ಮರೆತು ಹೋದೆ." ಎಂದು ಕತ್ತರಿ ತೆಗೆದು ಕಡ್ಡಿಗಳನ್ನು ಮೋಟಾಗಿ ಸವರಿದರು. ಬುಡ ಬಿಡಿಸಿ ಹಳೆ ಗೊಬ್ಬರ ತುಂಬಿದರು. ಬಚ್ಚಲ ಮೋರಿಯನ್ನು ಬೇರೆ ಕಡೆಗೆ ತಿರುಗಿಸಿದರು. ಸವರಿದ ಕಡ್ಡಿಗಳಿಗೆ ಸೆಗಣಿ ಮೆತ್ತಿ ಒಂದು ಹಳೆಯ ಬಾನಿಯಲ್ಲಿ ಊರಿದರು. ಅತ್ತೆ ಆವತ್ತು ಶ್ಯಾವಿಗೆ ಪಾಯಸ ಮಾಡಿದರು, ಯಾರ ಮುಖವನ್ನೂ ನೋಡದೆ ಬಡಿಸಿದರು. ಯಜಮಾನರು ಮಾರನೆಯ ದಿನ ಬೆಳಗ್ಗೆ ಏಳೂವರೆಯವರೆಗೆ ಮಲಗಿದರು.

ಕಾರ್ತಿಕ ಮುಗಿಯುವ ಹೊತ್ತಿಗೆ ಮೋಟು ಕಡ್ಡಿಗಳಲ್ಲಿ ಕೆಂಪು ಚಿಗುರು ಬಂತು. ಬಾನಿಯಲ್ಲಿ ಎರಡು ಕಡ್ಡಿ ಬೇರು ಹಿಡಿದವು. ಧನುರ್ಮಾಸದ ಚಳಿಯಲ್ಲಿ ಒಂದು ದಿನ ಗಿಡದ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಒಂದು ಮೊಗ್ಗು ಕಾಣಿಸಿತು. ಒಂದೇ ಒಂದು. ಸಂಕ್ರಾಂತಿಗೆ ಎರಡು ವಾರ ಉಳಿದಿತ್ತು. ನಾನು ದಿನಕ್ಕೆ ಇಪ್ಪತ್ತು ಸಲ ಹೋಗಿ ನೋಡುತ್ತಿದ್ದೆ. ಬುಟ್ಟಿಗಟ್ಟಲೆ ಇಲ್ಲದಿದ್ದರೆ ಹೋಗಲಿ, ಅಮ್ಮನ ಕಣ್ಣಿಗೆ ಒಂದಾದರೂ ಬೀಳುತ್ತದಲ್ಲ. ಅಮ್ಮ ಬರುವುದಕ್ಕೆ ಎರಡು ದಿನ ಮುಂಚೆ, ಗುರುವಾರ ಬೆಳಗ್ಗೆ, ಅದು ಅರಳಿತು. ಅಡಿಕೆಯಷ್ಟು, ತಿಳಿ ಬಣ್ಣ, ತವರಿನ ಅದೇ ಪರಿಮಳ. ಅದರ ಮುಂದೆ ಕೂತು ನಾನು ಹುಚ್ಚಿಯ ಹಾಗೆ ನಕ್ಕೆ.

ಅತ್ತೆ ಮಡಿಯಲ್ಲಿ ಬಂದವರು ಸುಮ್ಮನೆ ಬಗ್ಗಿ ಹೂವನ್ನು ಕಿತ್ತರು.

"ಅತ್ತೇ!" ಎಂದು ನಾನು ಕಿರುಚಿದೆ.

"ಇವತ್ತು ಗುರುವಾರ, ಸಾಬ್ರು ದರ್ಗಾಕ್ಕೆ ಬರ್ತಾರೆ. ಅವರ ಕೈಲಿ ಕೊಟ್ಟು ಕಳಿಸ್ಬೇಕು. ವ್ರತ ಯಾವ ದೇವರದೋ ಮೊದಲ ಫಲ ಆ ದೇವರದು."

"ಅದು ವ್ರತ ಅಲ್ಲ ಅಂತ ಅವರೇ ಹೇಳಿದ್ರಲ್ಲ!"

"ಹೇಳಿದ್ದು ತಪ್ಪಿರ್ಬೋದು. ಮಾಡಿದ್ದು ಸುಳ್ಳಾಗುತ್ತಾ?"

ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ಅತ್ತೆಯ ಕೈ ಹಿಡಿದುಕೊಂಡೆ. ಅಮ್ಮ ಬರುವವರೆಗೆ ಗಿಡದಲ್ಲೇ ಇರಬೇಕಿತ್ತು, ನಾನು ಬರೆದದ್ದೆಲ್ಲ ಸುಳ್ಳು, ಅಮ್ಮ ಏನು ತಿಳಿಯುತ್ತಾಳೋ ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅತ್ತೆ, "ಗೊತ್ತು. ನಿನ್ನ ಸುಳ್ಳು ಮುಚ್ಚೋಕೆ ದೇವರ ಹೂವು ಅಡ್ಡ ಇಡಬೇಡ" ಎಂದು ಕೈ ಬಿಡಿಸಿಕೊಂಡು ಹೋದರು. ಆ ದಿನ ನಾನು ಅವರನ್ನು ದ್ವೇಷಿಸಿದೆ. ಹೂವು ಬಾಳೆಲೆಯ ತುಂಡಿನಲ್ಲಿ ದರ್ಗಾಕ್ಕೆ ಹೋಯಿತು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಅಮ್ಮ ಬಂದಿಳಿದಳು. ಕೈಯಲ್ಲಿ ಎಳ್ಳುಬೆಲ್ಲದ ಡಬ್ಬಿ. ಕಾಲು ತೊಳೆದವಳೇ ಕಾಫಿಯನ್ನೂ ಕುಡಿಯದೆ ಹಿತ್ತಿಲಿಗೆ ನಡೆದಳು. ಗಿಡದ ಮುಂದೆ ನಿಂತು, ಸುತ್ತ ಒಂದು ಸಲ ಬಗ್ಗಿ ನೋಡಿ, ತೆಲುಗಿನಲ್ಲಿ "ಪೂಲೇವೇ?" ಅಂದಳು. ಹೂವೆಲ್ಲಿ ಎಂದು.

"ಮೊನ್ನೆ ಬಿಟ್ಟಿತ್ತಮ್ಮಾ. ದರ್ಗಾಕ್ಕೆ ಹೋಯ್ತು."

ಎರಡು ವರ್ಷದಲ್ಲಿ ಆ ಗಿಡದ ಬಗ್ಗೆ ನಾನು ಹೇಳಿದ ಮೊದಲ ನಿಜ ಅದು. ಅಮ್ಮ ಅದನ್ನು ಮಾತ್ರ ನಂಬಲಿಲ್ಲ. ಚಿಕ್ಕವಳಿದ್ದಾಗ ಬೆಲ್ಲ ಕದ್ದು ಬಾಯಿ ಒರೆಸಿಕೊಂಡು ಬಂದಾಗ ನೋಡುತ್ತಿದ್ದ ಹಾಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ಗಿಡವನ್ನು ಬಿಟ್ಟು ನನ್ನ ಕೈ, ನನ್ನ ಕತ್ತು, ನನ್ನ ಸೀರೆ ಎಲ್ಲವನ್ನೂ ಹುಡುಕತೊಡಗಿತು. ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಅತ್ತೆ ಬಂದು ನಿಂತರು. ಮುಗಿಯಿತು ಎಂದುಕೊಂಡೆ.

"ಇದ್ವಲ್ಲ ಬೀಗಿತ್ತಮ್ಮಾ, ಬುಟ್ಟಿ ತುಂಬ ಇದ್ವು!" ಅಂದರು ಅತ್ತೆ.

ನಾನು ಬಾಯಿ ತೆರೆದುಕೊಂಡು ನೋಡಿದೆ. ಅತ್ತೆ ನನ್ನ ಕಡೆ ನೋಡಲಿಲ್ಲ, ಅಮ್ಮನ ಕಡೆಯೂ ನೋಡಲಿಲ್ಲ. ಬಾವಿಯ ರಾಟೆಯನ್ನು ನೋಡುತ್ತ, ಮಗ್ಗಿ ಒಪ್ಪಿಸುವವರ ಹಾಗೆ ಗಟ್ಟಿಯಾಗಿ ಹೇಳಿದರು. "ನಿನ್ನೆ ಸಾಯಂಕಾಲ ನಾನೇ ಎಲ್ಲ ಕೊಯ್ದುಬಿಟ್ಟೆ. ಅಮಲ್ದಾರರ ಹೆಂಡ್ತಿ ಶುಕ್ರವಾರ ಶುಕ್ರವಾರ ಆಳು ಕಳಿಸ್ತಾರೆ, ಇಲ್ಲ ಅನ್ನೋಕಾಗುತ್ತಾ? ಎಲ್ಲ ನಿಮ್ಮ ಮಗಳ ಕೈಗುಣ. ಅವಳು ಬಂದ್ ಮೇಲೇನೇ ಈ ಹಿತ್ತಿಲಿಗೆ ಒಂದು ಕಳೆ ಬಂದಿದ್ದು."

ಅಭ್ಯಾಸವಿಲ್ಲದವರು ಸುಳ್ಳು ಹೇಳಿದರೆ ಹೀಗೇ, ಬೇಕಾದದ್ದಕ್ಕಿಂತ ಹೆಚ್ಚು ಸುರಿದುಬಿಡುತ್ತಾರೆ. ಅಮಲ್ದಾರರ ಹೆಂಡತಿ ನಮ್ಮ ಬೀದಿ ಯಾವ ಕಡೆ ಇದೆ ಎಂಬುದನ್ನೂ ಅರಿಯರು. ಬೇರೆ ಯಾರು ಹೇಳಿದ್ದರೂ ಅಮ್ಮ ಹಿಡಿದುಬಿಡುತ್ತಿದ್ದಳು. ಆದರೆ ನನ್ನ ಅತ್ತೆಯ ನಾಲಗೆಯ ಕೀರ್ತಿ ಶ್ರೀನಿವಾಸಪುರವನ್ನು ದಾಟಿ ನಮ್ಮೂರಿನವರೆಗೂ ಹೋಗಿತ್ತು. ಅಮ್ಮನ ಮುಖ ಅರಳಿತು. "ನಾನು ಸುಮ್ಸುಮ್ನೆ ಏನೇನೋ ಅಂದ್ಕೊಂಡೆ ನೋಡಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಬೇರು ಹಿಡಿದ ಸಸಿಯನ್ನು ಬಾನಿಯಲ್ಲಿ ನೋಡಿ ಮುಟ್ಟಿ ಮುಟ್ಟಿ ಸಂತೋಷಪಟ್ಟಳು.

ಅತ್ತೆ ನೇರ ಬಾವಿಯ ಕಟ್ಟೆಗೆ ಹೋಗಿ ಕೂತರು. "ಏನೇ, ನೀರು ಸೇದು. ತಲೆಗೆ ಹಾಕ್ಕೋಬೇಕು" ಅಂದರು. ಪುಷ್ಯ ಮಾಸ, ಮೋಡ ಮುಚ್ಚಿದ ಮಧ್ಯಾಹ್ನ, ಬೆಳಗ್ಗೆ ಒಂದು ಸಲ ಸ್ನಾನ ಮಾಡಿದ್ದವರು.

"ಇದೇನು ಈ ಹೊತ್ತಲ್ಲಿ?" ಎಂದು ಅಮ್ಮ ಗಾಬರಿಯಾದಳು.

"ಮೈಲಿಗೆ ಆಯ್ತು ಬೀಗಿತ್ತಮ್ಮಾ. ನೀವು ಒಳಗೆ ಹೋಗಿ ಕಾಫಿ ತಗೊಳ್ಳಿ."

ಹಲ್ಲಿ ಗಿಲ್ಲಿ ಬಿದ್ದಿರಬೇಕೆಂದುಕೊಂಡು ಅಮ್ಮ ಒಳಗೆ ಹೋದಳು. ನಾನು ಹಗ್ಗ ಹಿಡಿದು ಸೇದಿದೆ. ಕಣ್ಣು ತುಂಬಿ ರಾಟೆ ಮಸಕಾಗಿ ಕಾಣುತ್ತಿತ್ತು. ಎರಡು ದಿನದ ಹಿಂದೆ ದ್ವೇಷಿಸಿದ ಆ ಹೆಂಗಸಿನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. ಮೊದಲ ಕೊಡವನ್ನು ತಲೆಯ ಮೇಲೆ ಸುರಿದಾಗ ಅತ್ತೆ ಚಳಿಗೆ ಹಲ್ಲು ಕಚ್ಚಿ, "ಇದು ಬುಟ್ಟಿಗೆ" ಅಂದರು. ಎರಡನೆಯ ಕೊಡ ಸುರಿದೆ. "ಇದು ಅಮಲ್ದಾರರ ಹೆಂಡ್ತಿಗೆ." ನಾನು ಮೂರನೆಯದಕ್ಕೆ ಕೊಡ ಇಳಿಬಿಟ್ಟು ಸೇದಿ ಎತ್ತಿಕೊಂಡು ಬಂದೆ.

"ಅದು ಯಾತಕ್ಕೆ?" ಅಂದರು.

"ನನ್ನ ಕೈಗುಣ ಅಂದ್ರಲ್ಲ."

ಅತ್ತೆ ಕೂದಲ ನೀರು ಹಿಂಡಿಕೊಳ್ಳುತ್ತ ಎದ್ದು ನಿಂತರು. "ಅದನ್ನ ಕೆಳಗಿಡು. ಅದು ನಿಜಾನೇ ಹೇಳಿದ್ದು. ಹೋಗಿ ಒಣಗಿದ್ ಸೀರೆ ತಗೊಂಡ್ ಬಾ, ಚಳಿ."